ರಿಂಗ್ ಹೋಗುತ್ತಿದೆ

ಅಣ್ಣ,

ಹೇಗಿದ್ದೀಯ ಎಂದು ಕೇಳಿ ಶುರುಮಾಡುವ ಯೋಗ್ಯತೆ ನನಗಿಲ್ಲ. ಇದನ್ನು ಕಾಗದದ ಮೇಲೆ, ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮೂರು ಕಂಪ್ಯೂಟರ್, ಎರಡು ಟ್ಯಾಬ್ ಇಟ್ಟುಕೊಂಡವನಿಗೆ ಬರೆಯುವ ಪೆನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಮೊದಲು ಮೊಬೈಲಿನಲ್ಲೇ ಬರೆಯಲು ಕೂತೆ. ಆದರೆ ಅದು ನಾನು ಒಂದು ಪದ ಬರೆದರೆ ಮುಂದಿನದನ್ನು ತಾನೇ ಸೂಚಿಸುತ್ತದೆ. ‘ಅಣ್ಣ’ ಎಂದು ಬರೆದೆ. ಕೆಳಗೆ ‘ಎಲ್ಲಿದ್ದೀಯ’ ಎಂದು ತೋರಿಸಿತು. ಫೋನನ್ನು ಬೋರಲು ಮಾಡಿಟ್ಟು ಎದ್ದುಬಿಟ್ಟೆ.

ನೀನು ಹೋಗಿ ಐದು ತಿಂಗಳಾಯಿತು. ಈ ಐದು ತಿಂಗಳಲ್ಲಿ ನಾನು ಯಾರಿಗೂ ಬುದ್ಧಿ ಹೇಳಿಲ್ಲ. ನಂಬುತ್ತೀಯಾ? ಯಾರ ಮನೆಗೆ ಹೋದರೂ ಕಾಫಿ ಬರುವ ಮೊದಲೇ ‘ರೂಟರ್ ಎಲ್ಲಿಟ್ಟಿದ್ದೀರಿ’ ಎಂದು ಕೇಳುತ್ತಿದ್ದವನು ನಾನು. ಚಪ್ಪಲಿ ಗೂಡಿನ ಹಿಂದೆ, ಫ್ರಿಜ್ ಪಕ್ಕದಲ್ಲಿ, ಕಬ್ಬಿಣದ ಬೀರುವಿನ ಮೇಲೆ ಇಟ್ಟು, ಇಂಟರ್ನೆಟ್ ನಿಧಾನ ಎಂದು ಗೊಣಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಳೇ ಕಂಪ್ಯೂಟರನ್ನು ಎಸೆಯಬೇಡಿ, ಡಿಸ್ಕ್ ಬದಲಿಸಿ, ಇನ್ನೂ ಐದು ವರ್ಷ ಓಡುತ್ತದೆ. ಬೀದಿ ಬದಿಯ ಚಾರ್ಜರ್ ಮುಟ್ಟಬೇಡಿ. ಒಂದೇ ಪಾಸ್‌ವರ್ಡನ್ನು ಎಲ್ಲದಕ್ಕೂ ಹಾಕಬೇಡಿ. ಹೀಗೆ ಎಲ್ಲರ ತಲೆ ತಿನ್ನುತ್ತಿದ್ದೆ. ನಮ್ಮ ಬಂಧುಬಳಗದಲ್ಲಿ ನನಗೆ ‘ಅಪ್‌ಡೇಟ್’ ಎಂದು ಅಡ್ಡಹೆಸರಿಟ್ಟವನು ನೀನೇ ತಾನೆ. ‘ಅಪ್‌ಡೇಟ್ ಬಂದ, ಎಲ್ರೂ ಫೋನ್ ಬಚ್ಚಿಡಿ’ ಅನ್ನುತ್ತಿದ್ದೆ.

ನನ್ನ ಯಾವ ಮಾತಿಗೂ ಸೊಪ್ಪು ಹಾಕದವನು ನೀನೊಬ್ಬನೇ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಕೇಬಲ್ ಜೋಡಿಸಿದವನು. ರಸ್ತೆ ಅಗೆದ ಗುಂಡಿಯಲ್ಲಿ ಕೂತು, ಕೂದಲಿನಷ್ಟು ತೆಳುವಾದ ನೂರಾರು ತಂತಿಗಳನ್ನು ಬಣ್ಣ ನೋಡಿ ಜೊತೆಮಾಡಿ, ಒಂದೊಂದನ್ನೇ ಹೆಣೆದು ಮುಚ್ಚುತ್ತಿದ್ದೆ. ವೈಫೈ ಎಂದರೆ ನಿನಗೆ ತಾತ್ಸಾರ. ‘ತಂತಿ ಇದ್ರೆ ಅದನ್ನೇ ಹಿಡ್ಕೊಂಡು ಹೋಗಿ ಎಲ್ಲಿ ಕಟ್ಟಾಗಿದೆ ಅಂತ ನೋಡ್ಬಹುದು. ಗಾಳೀಲಿ ಏನ್ ಹಿಡ್ಕೊಂಡು ಹೋಗ್ತೀಯೋ?’ ಎಂದು ಕೇಳುತ್ತಿದ್ದೆ. ನಾನು ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಒಪ್ಪಿಕೊಳ್ಳುತ್ತೇನೆ, ನನ್ನ ಮೇಜಿನ ಕಂಪ್ಯೂಟರಿಗೆ ನಾನು ಹಾಕಿಕೊಂಡಿರುವುದೂ ತಂತಿಯನ್ನೇ. ನೀನು ಬಂದಾಗಲೆಲ್ಲ ನಿನಗೆ ಕಾಣದಂತೆ ಅದನ್ನು ಪರದೆಯ ಹಿಂದೆ ಸರಿಸಿ ಇಡುತ್ತಿದ್ದೆ.

ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ಫೋನು ಬಂದಿದ್ದು ನಿನ್ನ ಕೆಲಸದಿಂದ. ಕಪ್ಪು ಫೋನು, ಮುಂಬಾಗಿಲ ಪಕ್ಕದ ಗೂಡಿನಲ್ಲಿ. ನೀನು ಯಾರ ಮನೆಯ ಲೈನ್ ರಿಪೇರಿ ಮಾಡಿದರೂ, ಆ ಮನೆಯ ಫೋನಿನಿಂದಲೇ ನಮ್ಮ ಮನೆಗೆ ಒಂದು ಸಲ ಮಾಡಿ ಪರೀಕ್ಷೆ ಮಾಡುತ್ತಿದ್ದೆ. ಶಾಲೆ ಇಲ್ಲದ ದಿನ ನಾನು ಗೂಡಿನ ಕೆಳಗೇ ಕೂತಿರುತ್ತಿದ್ದೆ. ಗಂಟೆ ಹೊಡೆದ ತಕ್ಷಣ ಎತ್ತುತ್ತಿದ್ದೆ. ನೀನು ‘ಕೇಳ್ತಿದೆಯಾ?’ ಎನ್ನುತ್ತಿದ್ದೆ. ನಾನು ‘ಕೇಳ್ತಿದೆ’ ಎನ್ನುತ್ತಿದ್ದೆ. ‘ಸರಿ, ಲೈನ್ ಸರಿ ಇದೆ, ಇಡು’ ಅಷ್ಟೇ. ದಿನಕ್ಕೆ ಏಳೆಂಟು ಸಲ, ಏಳೆಂಟು ಅಪರಿಚಿತರ ಮನೆಗಳಿಂದ. ಅಂದರೆ ಆ ಕಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತೆಂದರೆ ಅದು ನೀನೇ. ಇದೊಂದನ್ನು ನಾನು ಹೇಗೆ ಮರೆತೆ ಎಂದು ಐದು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಹೋದ ವರ್ಷ ನನ್ನ ಹಳೇ ಫೋನನ್ನು ನಿನಗೆ ಕೊಟ್ಟೆ. ನಾನು ಹೊಸದು ತೆಗೆದುಕೊಂಡಾಗಲೆಲ್ಲ ಹಳೆಯದನ್ನು ಮನೆಯವರ ಕೈಗೆ ದಾಟಿಸಿ ದೊಡ್ಡ ಉಪಕಾರ ಮಾಡಿದವನಂತೆ ಮುಖ ಮಾಡುತ್ತಿದ್ದೆನಲ್ಲ, ಹಾಗೆ. ನಿನ್ನ ಬಟನ್ ಫೋನು ಚೆನ್ನಾಗಿಯೇ ಇತ್ತು. ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕಾಗಿತ್ತು. ಅದನ್ನು ಕಸಿದುಕೊಂಡು ಬ್ಯಾಟರಿ ಸವೆದ ಆ ದೊಡ್ಡ ಫೋನನ್ನು ಹಿಡಿಸಿದೆ. ಜೊತೆಗೆ ಉಪದೇಶ ಬೇರೆ: ಎಂಬತ್ತು ಪರ್ಸೆಂಟಿಗಿಂತ ಜಾಸ್ತಿ ಚಾರ್ಜ್ ಮಾಡಬೇಡ, ಬ್ಯಾಟರಿ ಆಯಸ್ಸು ಕಡಿಮೆಯಾಗುತ್ತದೆ. ಜೀವಮಾನದಲ್ಲಿ ನೀನು ನನ್ನ ಒಂದೇ ಒಂದು ಮಾತು ಕೇಳಿದ್ದರೆ ಅದು ಇದು. ದಿನಾ ಬೆಳಿಗ್ಗೆ ಪಕ್ಕದಲ್ಲೇ ಕೂತು ಕಾದು, ಎಂಬತ್ತಕ್ಕೆ ಸರಿಯಾಗಿ ಕಿತ್ತು ಇಡುತ್ತಿದ್ದೆ ಎಂದು ಅತ್ತಿಗೆ ಆಮೇಲೆ ಹೇಳಿದರು.

ಅದೇ ದಿನ ಇನ್ನೊಂದು ಕೆಲಸವನ್ನೂ ಮಾಡಿದೆ. ಎಲ್ಲರಿಗೂ ಸುಳ್ಳು ಕರೆಗಳ ಕಾಟ, ಲಾಟರಿ ಬಂದಿದೆ ಎನ್ನುವವರು, ವಿಮೆ ಮಾರುವವರು. ಗೊತ್ತಿಲ್ಲದ ನಂಬರಿನ ಕರೆ ಸದ್ದೇ ಮಾಡದಂತೆ ಒಂದು ಸೌಲಭ್ಯವಿದೆ. ಹೆಸರು ಬರೆದಿಟ್ಟುಕೊಂಡವರ ಕರೆ ಮಾತ್ರ ಗಂಟೆ ಹೊಡೆಯುತ್ತದೆ. ನನ್ನ ಫೋನಿನಲ್ಲಿ ಮೊದಲೇ ಇತ್ತು. ಅತ್ತಿಗೆಯ ಫೋನಿಗೂ ಹಾಕಿಕೊಟ್ಟೆ. ‘ಅರ್ಜೆಂಟ್ ಇದ್ರೆ ಗೊತ್ತಿರೋ ನಂಬರಿಂದಾನೇ ಮಾಡ್ತಾರೆ ಅತ್ತಿಗೆ’ ಎಂದಿದ್ದೆ. ನೀನು ಪೇಪರ್ ಓದುತ್ತಾ ಅಲ್ಲೇ ಕೂತಿದ್ದೆ. ಕೇಳಿಸಿಕೊಂಡೆಯೋ ಇಲ್ಲವೋ ತಿಳಿಯದು. ಕೇಳಿಸಿಕೊಂಡಿದ್ದರೆ ಆ ದಿನ ಹಾಗೆ ಕಾಯುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ನೀನು ನನ್ನ ಹತ್ತಿರವೇ ಬರುತ್ತಿದ್ದೆ. ಫೋನು ಹನ್ನೆರಡು ಗಂಟೆಗೆಲ್ಲ ಸತ್ತುಹೋಗುತ್ತದೆ, ತೋರಿಸಿಕೊಂಡು ಬರುತ್ತೇನೆ ಎಂದು ಅತ್ತಿಗೆಗೆ ಹೇಳಿ ಹೊರಟಿದ್ದೆ. ನಾನು ಕಂಪ್ಯೂಟರ್ ಕಲಿಸುವ ಕಟ್ಟಡಕ್ಕೆ ಎರಡು ಬೀದಿ ಇರುವಾಗ ನಿನಗೆ ಎದೆ ಹಿಡಿದುಕೊಂಡಿತು. ಪಕ್ಕದಲ್ಲೇ ಕ್ಷೌರದಂಗಡಿ. ಅಲ್ಲಿ ಗೋಡೆಗೆ ಹಾಕಿದ ಉದ್ದನೆಯ ಬೆಂಚಿನ ಮೇಲೆ ಕೂತೆ. ನಿನ್ನ ಫೋನು ಅಷ್ಟರಲ್ಲಿ ಕೈಕೊಟ್ಟಿತ್ತು. ಅಂಗಡಿಯವನ ಫೋನು ಕೇಳಿದೆ. ‘ನಂಬರ್ ಎಲ್ಲಿದೆ ಸಾರ್?’ ಎಂದು ಅವನು ಕೇಳಿದರೆ, ನೀನು ಹಣೆ ತೋರಿಸಿದೆಯಂತೆ. ನನ್ನ ನಂಬರು ನಿನಗೆ ಬಾಯಿಪಾಠ. ನಾನಿರಲಿ, ಈಗ ಯಾರು ನಂಬರ್ ನೆನಪಿಟ್ಟುಕೊಳ್ಳುತ್ತಾರೆ ಹೇಳು. ನಿನ್ನ ನಂಬರಿನ ಕೊನೆಯ ಎರಡು ಅಂಕೆ ಏನೆಂದು ಆ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಕೇಳಿದಾಗ ನನಗೆ ಗೊತ್ತಿರಲಿಲ್ಲ.

ನನಗೆ ನಾಲ್ಕು ಸಲ ಮಾಡಿದೆ. ಅತ್ತಿಗೆಗೆ ಎರಡು ಸಲ. ಅಂಗಡಿಯವನು ಆ ಹೊತ್ತಿಗೆ ಒಬ್ಬರಿಗೆ ಅರ್ಧ ಗಡ್ಡ ತೆಗೆದಿದ್ದನಂತೆ. ಕತ್ತಿ ಕೈಯಲ್ಲಿ ಹಿಡಿದೇ, ‘ನಾನೇ ಹೋಗಿ ಕರ್ಕೊಂಡು ಬರ್ಲಾ, ಇಲ್ಲಾ ಸೀದಾ ಆಸ್ಪತ್ರೆಗೆ ಹೋಗೋಣ್ವಾ?’ ಎಂದು ಕೇಳಿದ್ದಾನೆ. ನೀನು ಬೇಡ ಎಂದೆ. ‘ರಿಂಗ್ ಹೋಗ್ತಿದೆ. ಲೈನ್ ಸರಿ ಇದೆ. ನಮ್ಮ ತಮ್ಮ ಎತ್ತೇ ಎತ್ತುತ್ತಾನೆ’ ಎಂದೆ.

ಅಣ್ಣ, ಮೂವತ್ತನಾಲ್ಕು ವರ್ಷದಲ್ಲಿ ನೀನು ಕಲಿತ ವಿದ್ಯೆ ಅದು. ಇಲ್ಲಿ ಕಿವಿಯಲ್ಲಿ ರಿಂಗ್ ಕೇಳಿಸಿದರೆ, ಅಲ್ಲಿ ಗಂಟೆ ಹೊಡೆಯುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಎರಡು ಸಲ ಮಾಡಿ ನೋಡಿ, ಬೈದು, ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. ನೀನು ರಿಂಗನ್ನು ನಂಬಿದೆ. ಈಗಿನ ಫೋನುಗಳು ಮಾಡುವವನ ಕಿವಿಯಲ್ಲಿ ರಿಂಗ್ ಕೇಳಿಸುತ್ತಲೇ ಈ ಕಡೆ ಸುಮ್ಮನೆ ಕೂತಿರುತ್ತವೆ ಎಂದು ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊರಿಗೆಲ್ಲ ಪಾಠ ಹೇಳುವ ನಾನು ಹೇಳಿಕೊಡಬೇಕಾಗಿತ್ತು. ಸುಮಾರು ಒಂದು ಗಂಟೆ ಆ ಬೆಂಚಿನ ಮೇಲೆ ಬೆವರು ಒರೆಸಿಕೊಳ್ಳುತ್ತಾ ಕೂತೆ. ನಾನು ಎರಡು ಬೀದಿ ಆಚೆ, ಇಪ್ಪತ್ತು ಜನರನ್ನು ಕೂರಿಸಿಕೊಂಡು, ಗೋಡೆ ದಪ್ಪಗಿದ್ದರೆ ಸಿಗ್ನಲ್ ಹೇಗೆ ಕುಗ್ಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಫೋನು ನನ್ನ ಅಂಗಿ ಜೇಬಿನಲ್ಲಿತ್ತು.

ಕೊನೆಗೆ ಅಂಗಡಿಯವನೇ ನಿನ್ನ ಮಾತು ಕೇಳದೆ ಬಂದ. ಬಿಳಿ ಬಟ್ಟೆಯ ಮೇಲೆ ಯಾರದೋ ಕೂದಲು, ಕೈಗೆ ಸೋಪಿನ ನೊರೆ. ಬಾಗಿಲಲ್ಲಿ ನಿಂತು, ‘ನಿಮ್ಮಣ್ಣನಂತೆ, ನಮ್ಮ ಅಂಗಡೀಲಿ ಕೂತಿದ್ದಾರೆ. ಎಷ್ಟು ಸಲ ಮಾಡಿದ್ರೂ ನೀವು ಎತ್ಲಿಲ್ಲ’ ಎಂದ. ನಾನು ಓಡಿಬಂದಾಗ ನೀನು ನನ್ನ ಮುಖ ನೋಡಿ, ‘ಕೆಲಸದಲ್ಲಿದ್ಯೇನೋ’ ಎಂದೆ. ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ಹಿಡಿದುಕೊಂಡು ಬದುಕುತ್ತಿದ್ದೆ.

ಒಂದು ಗಂಟೆ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಹೇಳಿದರು. ಸಂಜೆ ಆಸ್ಪತ್ರೆಯ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ ನನ್ನ ಫೋನು ಒಮ್ಮೆ ನಡುಗಿತು. ದಿನದ ವರದಿ. ‘ಇಂದು ಒಂಬತ್ತು ಅನಗತ್ಯ ಕರೆಗಳನ್ನು ತಡೆಯಲಾಗಿದೆ.’ ಬೇರೆ ದಿನವಾಗಿದ್ದರೆ ಅದನ್ನು ಓದಿ ಹೆಮ್ಮೆ ಪಡುತ್ತಿದ್ದೆ. ಅವತ್ತು ಒಳಗೆ ಹೋಗಿ ನೋಡಿದೆ. ಒಂಬತ್ತರಲ್ಲಿ ನಾಲ್ಕು ಒಂದೇ ನಂಬರಿನವು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅತ್ತಿಗೆಗೆ ನಾನು ಅರ್ಧ ಮಾತ್ರ ಹೇಳಿದ್ದೆ. ನಾನು ಪಾಠದಲ್ಲಿದ್ದೆ, ಫೋನು ಕೇಳಿಸಲಿಲ್ಲ ಎಂದೆ. ಅವರಿಗೂ ನೀನು ಮಾಡಿದ್ದೆ ಎಂಬುದನ್ನು ನುಂಗಿಕೊಂಡೆ. ಹೋದ ವಾರದವರೆಗೂ ಅವರದ್ದು ಒಂದೇ ಮಾತು. ‘ನಿನಗೆ ಮಾಡಿದ್ದಾರೆ, ಸರಿ. ನನಗೆ ಒಂದು ಸಲ ಮಾಡ್ಬೇಕು ಅನ್ನಿಸ್ಲಿಲ್ವಲ್ಲ ಅವರಿಗೆ. ಮೂವತ್ತು ವರ್ಷ ಜೊತೇಲಿದ್ದು ಕೊನೇ ಗಳಿಗೇಲಿ ನನ್ನ ನೆನಪೇ ಆಗ್ಲಿಲ್ಲ ನೋಡು.’ ಬಟ್ಟೆ ಮಡಿಚುತ್ತಾ ಹೇಳುತ್ತಿದ್ದರು, ಬಾಗಿಲಿಗೆ ಚಿಲಕ ಹಾಕುತ್ತಾ ಹೇಳುತ್ತಿದ್ದರು. ಅವರು ಅಳುತ್ತಿದ್ದುದು ನೀನು ಹೋದೆ ಎಂದಲ್ಲ, ಅವರನ್ನು ಮರೆತು ಹೋದೆ ಎಂದು.

ಹೋದ ತಿಂಗಳು, ಅಪ್‌ಡೇಟ್ ಹಾಕಿಕೊಡುತ್ತೇನೆ ಎಂದು ಸುಳ್ಳು ಹೇಳಿ ಅವರ ಫೋನು ಇಸಿದುಕೊಂಡೆ. ತಡೆದ ಕರೆಗಳ ಪಟ್ಟಿಯಲ್ಲಿ ಎರಡೂ ಇದ್ದವು, ಹನ್ನೆರಡು ಹದಿನೆಂಟು, ಹನ್ನೆರಡು ನಲವತ್ತು. ಕೆಳಗೇ ‘ಅಳಿಸು’ ಎಂಬ ಗುಂಡಿ. ಅದರ ಮೇಲೆ ಬೆರಳಿಟ್ಟೆ, ಅಣ್ಣ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಒತ್ತಲು ಧೈರ್ಯ ಬರಲಿಲ್ಲ, ತೋರಿಸಲೂ ಬರಲಿಲ್ಲ. ಹಳೆಯ ಪಟ್ಟಿ ಆರು ತಿಂಗಳಿಗೆ ತಾನಾಗಿಯೇ ಅಳಿಸಿಹೋಗುವಂತೆ ನಾನೇ ಮಾಡಿಟ್ಟಿದ್ದೆ. ಇನ್ನೆರಡು ತಿಂಗಳು ಬಾಯಿಮುಚ್ಚಿಕೊಂಡಿದ್ದರೆ ನಾನು ಬಚಾವು. ಹಾಗೆಂದು ನಿಜವಾಗಿಯೂ ಲೆಕ್ಕ ಹಾಕಿದೆ.

ಹೋದ ವಾರ ಅವರು ನಿನ್ನ ಫೋಟೋವನ್ನು ಗೋಡೆಯಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದರು. ‘ಮರೆತವರನ್ನ ನಾನ್ಯಾಕೆ ನೋಡ್ತಾ ಕೂರ್ಲಿ’ ಎಂದರು. ನನ್ನಿಂದ ಇನ್ನು ಆಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿದ್ದ ಅವರ ಫೋನು ತೆಗೆದು, ಪಟ್ಟಿ ತೋರಿಸಿ, ಎಲ್ಲವನ್ನೂ ಹೇಳಿದೆ. ಅಂಗಡಿಯವನ ನಂಬರು, ಎರಡು ಕರೆ, ಸದ್ದು ಬಾರದಂತೆ ಮಾಡಿದ್ದು ನಾನು.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ‘ಎರಡು ಸಲ ಮಾಡಿದ್ದಾರೆ’ ಎಂದರು. ಬೆರಳಿನಿಂದ ಆ ಎರಡು ಸಾಲನ್ನು ಸವರಿದರು. ನನಗೆ ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ‘ಇದನ್ನ ತೆಗೆದುಬಿಡು’ ಎಂದರು. ಆ ಸೌಲಭ್ಯ ತೆಗೆದೆ, ಪಟ್ಟಿ ಅಳಿಸಿಹೋಗದಂತೆಯೂ ಮಾಡಿದೆ. ಫೋನು ವಾಪಸು ತೆಗೆದುಕೊಂಡು, ‘ನೀನಿನ್ನು ಹೊರಡು’ ಎಂದರು. ನಾನು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಅವರ ಫೋನು ಗಂಟೆ ಹೊಡೆಯಿತು. ವಿಮೆಯವರೋ, ಲಾಟರಿಯವರೋ. ಅತ್ತಿಗೆ ಎತ್ತಿ, ‘ಹೇಳಿ, ಕೇಳ್ತಿದೆ’ ಎಂದರು. ನಿನ್ನ ಫೋಟೋ ಮತ್ತೆ ಗೋಡೆಗೆ ಬಂದಿದೆಯಂತೆ, ಪಕ್ಕದ ಮನೆಯವರು ಹೇಳಿದರು.

ಈಗ ಅವರು ಊರಿನ ಎಲ್ಲರ ಕರೆಯನ್ನೂ ಎತ್ತುತ್ತಾರೆ. ನನ್ನದೊಂದನ್ನು ಬಿಟ್ಟು. ದಿನಾ ಮಾಡುತ್ತೇನೆ. ಅವರ ಫೋನಿನಲ್ಲಿ ನನ್ನ ಹೆಸರು ನಾನೇ ಹಾಕಿಕೊಟ್ಟದ್ದು, ಗಂಟೆ ಹೊಡೆದೇ ಹೊಡೆಯುತ್ತದೆ. ಇವತ್ತೂ ಮಾಡಿದೆ. ನಾಲ್ಕು ಸಲ ಮಾಡಿದೆ. ರಿಂಗ್ ಹೋಗುತ್ತಿದೆ, ಅಣ್ಣ. ಲೈನ್ ಸರಿ ಇದೆ.

ನೀನಿರುವಲ್ಲಿ ನೀನು ಹೆಣೆದ ಯಾವ ತಂತಿಗೂ ನೀರಿಳಿಯದಿರಲಿ. ನೀನು ಯಾರಿಗೆ ಮಾಡಿದರೂ ಮೊದಲ ರಿಂಗಿಗೇ ಎತ್ತುವವರು ಸಿಗಲಿ.

ಗೂಡಿನ ಕೆಳಗೆ ಕೂರುವುದನ್ನು ಮರೆತ,
ನಿನ್ನ ತಮ್ಮ