ಇನ್ನೂರು ಅಡಿಯಲ್ಲಿ ನಿಲ್ಲುವ ಕಂಪ್ಯೂಟರ್

ಹಟಮಾರಿ ಅಣ್ಣನಿಗೆ,

ನಿನ್ನ ಕಂಪ್ಯೂಟರ್ ಮತ್ತೆ ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಂದು ಕೂತಿದೆ. ಜೊತೆಗೆ ನಿನ್ನ ಚೀಟಿ: "ಅದೇ ಕಥೆ. ವಿಮಾನ ಇಳಿಸೋವಾಗ ನಿಂತುಬಿಡುತ್ತೆ. ಬೇರೆ ಪ್ರೊಸೆಸರ್ ಹಾಕು." ಈಗಿರುವುದೇ ಮೂರನೆಯದು ಮಾರಾಯ. ನನಗೆ ಸಾಕುಸಾಕಾಗಿಹೋಗಿದೆ.

ಮೊದಲನೆಯದು ನನ್ನದೇ ತಪ್ಪು, ಒಪ್ಪುತ್ತೇನೆ. ಒಳಗೆ ಹದಿನಾರು ಕೋರ್, ಅಂದರೆ ಲೆಕ್ಕ ಮಾಡುವ ಹದಿನಾರು ಆಳು ಇದ್ದ ಹಾಗೆ ಎಂದು ಜಂಬದಿಂದ ತಂದಿದ್ದೆ. ನಿನ್ನ ವಿಮಾನದ ಆಟವೋ, ಹೆಚ್ಚಿನ ಕೆಲಸವನ್ನೆಲ್ಲ ಒಂದೇ ಕೋರಿನ ತಲೆಗೆ ಕಟ್ಟುತ್ತದೆ. ಉಳಿದವು ಕೈಕಟ್ಟಿ ಕೂರುತ್ತವೆ. ಸಾಲದ್ದಕ್ಕೆ ನಾನು ಪರೀಕ್ಷೆ ಮಾಡಿದ್ದು ಖಾಲಿ ಸಮುದ್ರದ ಮೇಲೆ, ಮೋಡವಿಲ್ಲದ ಆಕಾಶದಲ್ಲಿ. ಅಲ್ಲಿ ಯಾವ ಡಬ್ಬಾ ಕಂಪ್ಯೂಟರಾದರೂ ಹಾರಿಸುತ್ತದೆ. "ಸಮುದ್ರದ ಮೇಲೆ ಯಾರು ಇಳೀತಾರೇ, ಪೆದ್ದಿ?" ಎಂದು ನೀನು ನಕ್ಕೆ. ವೈದ್ಯಕೀಯ ಪರೀಕ್ಷೆಯಲ್ಲಿ ನಿನ್ನ ಪೈಲಟ್ ಲೈಸೆನ್ಸ್ ಹೋದ ಮೇಲೆ ನೀನು ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿಯೇ ನಾನು ಇಷ್ಟೆಲ್ಲ ಒದ್ದಾಡಿದ್ದು.

ಎರಡನೆಯದನ್ನು ಕ್ಯಾಶ್ ಮೆಮೊರಿ, ಅಂದರೆ ಪ್ರೊಸೆಸರಿನ ಕೈಯಳತೆಯಲ್ಲೇ ಇರುವ ನೆನಪು, ಜಾಸ್ತಿ ಇರುವುದು ನೋಡಿ ತಂದೆ. ಮೂರನೆಯದು ಅದಕ್ಕಿಂತ ವೇಗದ್ದು. ನೀನು ಇಳಿಸುವ ಅದೇ ನಿಲ್ದಾಣ, ಅದೇ ಮೋಡ, ಅದೇ ಸಂಜೆ ಐದು ಗಂಟೆ. ಒಂದೊಂದಕ್ಕೂ ಹತ್ತು ಸಲ ಪರೀಕ್ಷೆ. ತೆರೆಯ ಮೇಲೆ ಸೆಕೆಂಡಿಗೆ ಅರವತ್ತು ಚಿತ್ರ, ತೀರಾ ಕೆಟ್ಟಾಗಲೂ ಐವತ್ತೆರಡು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೆ ನಾನು ವಿಮಾನ ಇಳಿಸುತ್ತ ಕೂತಿದ್ದೆ. ಇಲ್ಲಿ ನಯವಾಗಿ ಇಳಿಯುವ ವಿಮಾನ ನಿನ್ನ ಕೋಣೆಯಲ್ಲಿ ಮಾತ್ರ ನಿಲ್ಲುತ್ತದೆಂದರೆ ತಲೆ ಕೆಡದೆ ಇರುತ್ತದೆಯೇ?

ಅದಕ್ಕೇ ಹೋದ ಸಲ ಕಳಿಸುವ ಮುಂಚೆ, ನಿನಗೆ ಹೇಳದೆ, ಎಲ್ಲವನ್ನೂ ದಾಖಲಿಸುವ ಪ್ರೋಗ್ರಾಂ ಒಂದನ್ನು ಹಾಕಿಟ್ಟಿದ್ದೆ: ಚಿತ್ರದ ವೇಗ, ವಿಮಾನ ನಡೆಸುವ ಸ್ಟಿಕ್ಕಿನ ಚಲನೆ, ಒತ್ತಿದ ಕೀ. ಇವತ್ತು ಬೆಳಿಗ್ಗೆ ತೆರೆದು ನೋಡಿದೆ. ಹನ್ನೊಂದು ಸಲ ಇಳಿಸಲು ಹೊರಟಿದ್ದೀಯ. ಹನ್ನೊಂದು ಸಲವೂ ಇನ್ನೂರು ಅಡಿ ಎತ್ತರಕ್ಕೆ ಬಂದಾಗ ಸ್ಟಿಕ್ ಅಲುಗಾಡಿಲ್ಲ. ಚಿತ್ರ ಅರವತ್ತರಲ್ಲೇ ಇದೆ. ನಾಲ್ಕು ಸೆಕೆಂಡಿನ ನಂತರ ಆಟ ನಿಲ್ಲಿಸುವ ಕೀಯನ್ನು ನೀನೇ ಒತ್ತಿದ್ದೀಯ.

ನಿನ್ನ ಕೊನೆಯ ಹಾರಾಟದಲ್ಲಿ ಕಣ್ಣಿಗೆ ಕತ್ತಲೆ ಬಂದದ್ದು ಅದೇ ಎತ್ತರದಲ್ಲಿ. ಪಕ್ಕದ ಸೀಟಿನ ಪೈಲಟ್ ನಿನ್ನ ಕೈಯಿಂದ ವಿಮಾನ ತೆಗೆದುಕೊಂಡು ಇಳಿಸಿದ್ದನ್ನು ಅವರೇ ಬಂದು ಅಪ್ಪನಿಗೆ ಹೇಳಿದ್ದರು. ನೀನು ಮಾತ್ರ "ಏನೂ ಆಗಿಲ್ಲ ಬಿಡೇ" ಎಂದೆ. ನಾನೂ ನಂಬಿಬಿಟ್ಟೆ. ಕೋಪ ಬರುತ್ತಿದೆ ಅಣ್ಣ, ನಿನ್ನ ಮೇಲೂ ನನ್ನ ಮೇಲೂ. ಹೆದರಿಕೆಯಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ನಾನೇನು ನಗುತ್ತಿದ್ದೆನೇ?

ನಾಲ್ಕನೆಯ ಪ್ರೊಸೆಸರ್ ಸಿಗುವುದಿಲ್ಲ. ಭಾನುವಾರ ಕಂಪ್ಯೂಟರ್ ಹೊತ್ತುಕೊಂಡು ನಾನೇ ಬರುತ್ತೇನೆ. ಪಕ್ಕದ ಕುರ್ಚಿಯಲ್ಲಿ ಕೂತು ಎತ್ತರ ಓದಿ ಹೇಳುತ್ತೇನೆ. ಆಟ ನಿಲ್ಲಿಸುವ ಕೀಯನ್ನು ಕಿತ್ತು ಇಲ್ಲೇ ಡ್ರಾಯರಿಗೆ ಹಾಕಿದ್ದೇನೆ, ಹುಡುಕಬೇಡ. ಇನ್ನೂರು ಅಡಿಯಲ್ಲಿ ನಿನ್ನ ಕೈ ನಿಂತರೆ ನಿಲ್ಲಲಿ, ವಿಮಾನ ಬಿದ್ದರೆ ಬೀಳಲಿ, ಮತ್ತೆ ಹಾರಿಸೋಣ. ನಾನು ಮಾತ್ರ ಸ್ಟಿಕ್ ಮುಟ್ಟುವುದಿಲ್ಲ. ಇಳಿಸುವವನು ನೀನೇ.

ನಿನ್ನ ಕೈ ಗಟ್ಟಿಯಾಗಿರಲಿ.

ನೆಲ ಮುಟ್ಟುವವರೆಗೂ ಜೊತೆಗಿರುವ,
ನಿನ್ನ ಪೆದ್ದಿ