ಅತ್ತೆಯ ದೋಣಿಯಲ್ಲಿ ಬಿಸಿನೀರು

ಜುಲೈ 6, ಭಾನುವಾರ. ಸಂಜೆ

ಜಲನಗರದ ಮನೆ ಮುಟ್ಟಿ ಅರ್ಧ ಗಂಟೆಯಾಯಿತು. ಕೈಕಾಲು ತೊಳೆದು ಕೂತೆ. ನಾಳೆಯ ಫಿಸಿಕ್ಸ್ ಪಾಠ ಇನ್ನೂ ನೋಡಿಲ್ಲ. ತಲೆ ತುಂಬ ಗೀಜರ್.

ಲ್ಯಾಬ್ ರೆಕಾರ್ಡಿನ ಹಾಗೆ ಮೊದಲಿನಿಂದ ಬರೆದಿಡುತ್ತೇನೆ. ಬಬಲೇಶ್ವರದ ಆಚೆಯ ಕೆರೆಯಲ್ಲಿ ಭಾವ (ಗಂಡನ ಅಣ್ಣ, ಹೆಸರು ಶ್ರೀಮಂತ) ಮೀನು ಸಾಕುತ್ತಾರೆ. ಮೀನಿನ ಪಂಜರ ಕಾಯಲು ಒಂದು ದೋಣಿ. ದೋಣಿ ಅನ್ನುವುದೇ ಹೆಚ್ಚು — ಕಬ್ಬಿಣದ ಪೀಪಾಯಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತಗಡಿನ ಕೋಣೆ, ಮೂಲೆಯಲ್ಲಿ ಬಚ್ಚಲು. ಎರಡೂ ತುದಿಗೆ ಹಗ್ಗ ಬಿಗಿದು ದಂಡೆಗೆ ಕಟ್ಟಿದ್ದಾರೆ. ಎಲ್ಲಿಗೂ ಹೋಗುವುದಿಲ್ಲ, ಆದರೆ ಅಲ್ಲಾಡುತ್ತದೆ. ಅವರ ತಾಯಿ, ನಮ್ಮ ಅತ್ತೆಗೆ ಅದೇ ಇಷ್ಟ. ಘೋಣಸಗಿ ಊರಿನವರು, ಕುರಿ ಹಿಂಡಿನ ಜೊತೆ ಊರೂರು ತಿರುಗಿ ಬೆಳೆದವರು. ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಎರಡೇ ದಿನಕ್ಕೆ ಮುಖ ಬಾಡುತ್ತದೆ. ಭಾವನ ಜೊತೆ ದೋಣಿಗೆ ಬಂದ ಮೇಲೆ ಮಂಡಿನೋವು ಒಂದು ಬಿಟ್ಟರೆ ಆರಾಮ. ಆ ಮಂಡಿಗೆ ಸುಡುನೀರು ಬೇಕು. ಅದಕ್ಕೇ ಗ್ಯಾಸ್ ಗೀಜರ್.

ಅದು ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಟಪ್ ಅಂತ ಆರುತ್ತದೆ. ಅದೂ ಮೈಗೆಲ್ಲ ಸಾಬೂನು ಹಚ್ಚಿಕೊಂಡ ಮೇಲೆಯೇ ಆರುತ್ತದಂತೆ.

“ನನ್ನ ಜೋಡಿ ಹಗಿ ಐತಿ ಬೇ ಅದಕ್ಕ,” ಅಂದರು ಅತ್ತೆ.

ಬಬಲೇಶ್ವರ ಬಜಾರಿನಿಂದ ಹೊಸ ಸೆಲ್ ತಂದು ಹಾಕಿದೆ. ಕಿಡಿ ಚೆನ್ನಾಗಿ ಬಂತು. ಉರಿ ಬಂತು. ಗೆದ್ದೆ ಅಂದುಕೊಂಡು ಚಹಾ ಕುಡಿಯುವಷ್ಟರಲ್ಲಿ — ಟಪ್.

ಯಾಕೆ?

ಜುಲೈ 9, ಬುಧವಾರ

ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಾ ಮಾರ್ಜಿನ್‌ನಲ್ಲಿ ಗೀಜರಿನ ಚಿತ್ರ ಬರೆದುಬಿಟ್ಟೆ. ಪಾಪ, ಆ ಹುಡುಗಿ ತನ್ನ ಉತ್ತರಕ್ಕೂ ಇದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಕು.

ಸೆಲ್ ಅಲ್ಲ. ಹಾಗಾದರೆ ನೀರು? ಕೆರೆಯಿಂದ ಪಂಪು ಎತ್ತುವ ನೀರಿಗೆ ಒತ್ತಡ ಕಡಿಮೆಯಾದರೆ ಗೀಜರ್ ತಾನಾಗಿ ಬಂದ್ ಆಗುತ್ತದೆ. ನೀರು ಸೋಸುವ ಜಾಳಿಗೆಯಲ್ಲಿ ಪಾಚಿ ಕಟ್ಟಿರಬಹುದು. ಇಲ್ಲಾ ಗ್ಯಾಸು — ರೆಗ್ಯುಲೇಟರ್. ಮೂರು ಬಿಟ್ಟರೆ ನಾಲ್ಕನೆಯದು ಹೊಳೆಯುತ್ತಿಲ್ಲ.

ಗೀಜರ್ ಕೂರಿಸಿದ ಫಯಾಜನಿಗೆ ಫೋನ್ ಮಾಡಿದೆ. ಸಿದ್ಧೇಶ್ವರ ಗುಡಿಯ ಹಿಂದೆ ಅವನ ಅಂಗಡಿ. ಭಾನುವಾರ ಬರುತ್ತಾನಂತೆ.

“ಹಂಗ್ಯಾಕ ಆಗ್ತೈತ್ರಿ ಮೇಡಂ, ಹೊಸಾದ ಐತಲ್ರೀ!” ಅಂದ. ಅವನಿಗೂ ನನ್ನಷ್ಟೇ ಸಂಕಟ.

ಜುಲೈ 13, ಭಾನುವಾರ

ಬೆಳಿಗ್ಗೆ ಬೇಗ ಹೊರಟೆವು. ಇವರು ಟಿಕೋಟಾಕ್ಕೆ ಯಾರದೋ ಮದುವೆ ಮಾತುಕತೆಗೆ. ನಾನು ಫಯಾಜನ ಗಾಡಿಯ ಹಿಂದೆ ನನ್ನ ಸ್ಕೂಟಿಯಲ್ಲಿ.

ಜಾಳಿಗೆ ಬಿಚ್ಚಿದ. ಪಾಚಿ ಇತ್ತು, ತೊಳೆದ. ರೆಗ್ಯುಲೇಟರ್ ಬದಲಿಸಿದ. ಹಚ್ಚಿದ. ಇಬ್ಬರೂ ಗೀಜರಿನ ಮುಂದೆ ಹಲಗೆಯ ಮೇಲೆ ಕೂತೆವು. ನೀಲಿ ಉರಿ. ಬಕೆಟ್ ತುಂಬಿತು, ಚೆಲ್ಲಿದೆವು, ಮತ್ತೆ ತುಂಬಿತು. ಆರಲೇ ಇಲ್ಲ. ಅತ್ತೆ ಇಣುಕಿ ನೋಡಿ ನಕ್ಕರು.

“ಏನ್ ಬೇ, ಇಬ್ಬರೂ ಅದರ ಮುಂದ ಕುಂತು ಭಜನಿ ಮಾಡಾಕತ್ತೀರೇನು?”

ಫಯಾಜ ಖುಷಿಯಿಂದ ಹೋದ. ಮಧ್ಯಾಹ್ನ ಅತ್ತೆ ಜಳಕಕ್ಕೆ ಹೋದರು. ಅವರದು ಯಾವತ್ತೂ ಮಧ್ಯಾಹ್ನದ ಜಳಕ, ಕುರಿ ಮೇಯಿಸುವಾಗಿನ ರೂಢಿ. ಟಪ್.

ಫೋನ್ ಮಾಡಿದೆ. ಅವನು ಇನ್ನೂ ಊರು ಮುಟ್ಟಿರಲಿಲ್ಲ. “ನಾ ಇದ್ರ ಚಾಲೂ, ನಾ ಹೋದ್ರ ಬಂದ್. ಅಲ್ಲೆ ನನ್ನ ಫೋಟೋ ಒಂದ ಹಚ್ಚಿ ಬಿಡ್ರಿ ಮೇಡಂ!”

ನಗು ಬಂತು. ಆದರೆ ಅವನ ಮಾತಿನಲ್ಲೇ ಏನೋ ಇದೆ. ಅವನು ಇದ್ದಾಗ ಸರಿ, ಹೋದಾಗ ಇಲ್ಲ. ಅವನು ಹೋದದ್ದರಿಂದ ಏನು ಬದಲಾಯಿತು…

ಜುಲೈ 15, ಮಂಗಳವಾರ

ಭಾವನ ಫೋನ್. ಅತ್ತೆ ಬಚ್ಚಲಲ್ಲಿ ಕುಸಿದು ಕೂತಿದ್ದರಂತೆ. ತಲೆ ತಿರುಗಿ ವಾಂತಿ. ಗಾಳಿಗೆ ಬಂದು ಮಲಗಿದ ಮೇಲೆ ಸರಿಹೋಯಿತಂತೆ. ಪಿತ್ತ ಅಂತ ನಿಂಬೆರಸ ಕುಡಿದಿದ್ದಾರೆ.

ಈಗ ಕುತೂಹಲ ಇಲ್ಲ. ಭಯ.

ಜುಲೈ 20, ಭಾನುವಾರ

ಇವತ್ತು ನಾನೇ ಜಳಕ ಮಾಡಿದೆ. ಮಧ್ಯಾಹ್ನ, ಬಾಗಿಲು ಕಿಟಕಿ ಹಾಕಿಕೊಂಡು, ಅತ್ತೆ ಮಾಡುವಂತೆಯೇ. ತಂಬಿಗೆ ಕೈಯಲ್ಲಿ, ಕಣ್ಣು ಗೀಜರಿನ ಕಿಂಡಿಯ ಮೇಲೆ. ಮೊದಲು ನೀಲಿ. ಆಮೇಲೆ ಅಂಚಿಗೆ ಹಳದಿ. ಆಮೇಲೆ ಪೂರ್ತಿ ಹಳದಿ, ಕುಣಿಯುವ ಉರಿ. ಟಪ್. ಹೊರಬಂದಾಗ ಹಣೆ ಸಿಡಿಯುತ್ತಿತ್ತು.

ಭಾವ ದಂಡೆಯ ಮೇಲೆ ಬಲೆ ಬಿಡಿಸುತ್ತಿದ್ದರು. ನನ್ನ ಮುಖ ನೋಡಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು.

“ಸಾಕು. ಪಂಚಮಿ ತನಕ ನೋಡ್ತೀನಿ. ರಿಪೇರಿ ಆತು ಚಲೋ, ಇಲ್ಲಂದ್ರ ಅವ್ವನ್ನ ನೀವು ಜಲನಗರಕ್ಕ ಕರಕೊಂಡ ಹೋಗ್ರಿ. ಇಲ್ಲೆ ಬಿದ್ದು ಏನರೆ ಆದ್ರ ಯಾರಿಗೆ ಹೇಳೂಣು? ಆ ಫಯಾಜಗ ಕೆಲಸಾನ ಬರೂದಿಲ್ಲ, ಊರ ತುಂಬ ಹೇಳತೀನಿ ನಾ.”

ಅತ್ತೆ ಒಳಗೆ ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಸದ್ದು ನಿಂತಿತು.

ಜುಲೈ 22, ಮಂಗಳವಾರ

ಕೆಮಿಸ್ಟ್ರಿಯ ತಸ್ಲೀಮ ಮೇಡಂಗೆ ಹಳದಿ ಉರಿಯ ಕಥೆ ಹೇಳಿದೆ. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಹಾಗೇ ನಿಂತರು.

“ಗೀತಾಂಜಲಿ ಮೇಡಂ, ಅದು ಗಾಳಿ ಸಾಲದ ಉರಿ. ಮೊದಲ ಬಂದ್ ಮಾಡ್ಸ್ರಿ. ವಾಸನಿ ಬರದ ವಿಷ ಅದು.”

ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೇಳಿಸಿಕೊಳ್ಳಬೇಕಾಯಿತು. ಕ್ಲಾಸಿಗೆ ಹೋಗುವ ಮೊದಲೇ ಭಾವನಿಗೆ ಫೋನ್ — ಗೀಜರ್ ಹಚ್ಚಲೇಬೇಡಿ.

ಈಗ ಪ್ರಶ್ನೆ ಚಿಕ್ಕದಾಯಿತು. ಹೊಗೆ ಹೊರಗೆ ಹೋಗುತ್ತಿಲ್ಲ. ಆದರೆ ಫಯಾಜ ಕೊಳವೆ ಕೂರಿಸಿದ್ದಾನೆ, ತಗಡು ಕೊರೆದು ಕೆರೆಯ ಕಡೆಗೆ ಬಿಟ್ಟಿದ್ದಾನೆ, ನನ್ನ ಮುಂದೆಯೇ ಆಣೆ ಮಾಡಿದ. ಮತ್ತೆ ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು.

ಬಟ್ಟೆ ತೆಗೆಯಲು ಟೆರೇಸಿಗೆ ಹೋದಾಗ ನನ್ನ ದುಪಟ್ಟಾ ಪಕ್ಕದವರ ಟ್ಯಾಂಕಿಗೆ ಹಾರಿತ್ತು. ಅದನ್ನು ಬಿಡಿಸುತ್ತಾ ನಿಂತಲ್ಲೇ ನಿಂತೆ. ಗಾಳಿ! ಆಷಾಢದ ಪಡುವಣ ಗಾಳಿ. ಬೆಳಿಗ್ಗೆ ಸುಮ್ಮನಿದ್ದು ಬಿಸಿಲೇರಿದ ಮೇಲೆ ಏಳುತ್ತದೆ. ಫಯಾಜ ಇರುವಾಗ ಗಾಳಿ ಇಲ್ಲ, ಅವನು ಹೋದ ಮೇಲೆ ಬರುತ್ತದೆ. ಕೊಳವೆಯ ಬಾಯಿ ಪಡುವಣಕ್ಕೇ ಇದೆ.

ಆದರೆ ಬರೀ ಗಾಳಿ ಅಷ್ಟು ದಪ್ಪ ಕೊಳವೆಯನ್ನು ಮುಚ್ಚುತ್ತದೆಯೇ? ನಂಬಿಕೆ ಬರುತ್ತಿಲ್ಲ.

ಜುಲೈ 26, ಶನಿವಾರ

ಅರ್ಧ ದಿನದ ಕಾಲೇಜು. ಅಲ್ಲಿಂದಲೇ ಕೆರೆಗೆ. ಗಾಳಿ ಜೋರು, ದೋಣಿ ತೊಟ್ಟಿಲಿನಂತೆ ತೂಗುತ್ತಿತ್ತು. ಭಾವ ಪಂಜರದ ಹತ್ತಿರ ತೆಪ್ಪದಲ್ಲಿದ್ದರು.

ಗೀಜರ್ ಹಚ್ಚಲಿಲ್ಲ. ಅತ್ತೆಯ ದೇವರ ಜಗಲಿಯಿಂದ ಊದಿನಕಡ್ಡಿ ತೆಗೆದುಕೊಂಡು ಕೊಳವೆಯ ಬುಡಕ್ಕೆ ಹಿಡಿದೆ. ಹೊಗೆ ಮೇಲಕ್ಕೆ ಹೋಯಿತು, ನಿಂತಿತು, ವಾಪಸ್ ನನ್ನ ಮೂಗಿಗೆ ಬಂತು. ಗಾಳಿ ಇಳಿದಾಗ ಸುಸೂತ್ರ ಹೊರಗೆ. ಗಾಳಿ ಬೀಸಿದಾಗ ವಾಪಸ್. ಹೊರಗೆ ಏನೋ ಇದೆ!

ಆ ಗೋಡೆ ನೀರಿನ ಕಡೆಗಿದೆ, ದಂಡೆಯಿಂದ ಕಾಣುವುದಿಲ್ಲ. ಬಚ್ಚಲ ಕಿಟಕಿ ತೆರೆದು ಸರಳುಗಳ ನಡುವೆ ಕೈ ತೂರಿಸಿ ಫೋನಿನಲ್ಲಿ ವಿಡಿಯೋ ತೆಗೆದೆ. ಫೋನು ಕೆರೆಗೆ ಬಿದ್ದರೆ ಇವರು ಜನ್ಮವಿಡೀ ಆಡಿಕೊಳ್ಳುತ್ತಾರೆ. ಬೀಳಲಿಲ್ಲ.

ನೋಡಿದೆ. ಕೊಳವೆಗೆ ದಾರ ಕಟ್ಟಿ ಇಳಿಬಿಟ್ಟ ಕರಿ ಕಂಬಳಿಯ ತುಂಡು. ಅಂಗೈಗಿಂತ ದೊಡ್ಡದು. ಅದಕ್ಕೆ ಹೊಲಿದ ಕವಡೆ, ಒಣ ಮೆಣಸಿನಕಾಯಿ. ಗಾಳಿ ಇಲ್ಲದಾಗ ಕೆಳಗೆ ಜೋತಾಡುತ್ತದೆ, ಬೀಸಿದಾಗ ಎದ್ದು ಕೊಳವೆಯ ಬಾಯಿಗೆ ಮೆತ್ತಿಕೊಳ್ಳುತ್ತದೆ. ಸಿಕ್ಕಿತಲ್ಲಾ ಅಂತ ಒಬ್ಬಳೇ ಬಚ್ಚಲಲ್ಲಿ ಕುಣಿದೆ. ನಿಜವಾಗಿ ಕುಣಿದೆ.

ಅತ್ತೆ ಪಂಚಮಿ ಉಂಡಿಗೆ ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಿದ್ದರು. ವಿಡಿಯೋ ತೋರಿಸಿದೆ.

“ಅತ್ತೀ, ಇದನ್ನ ಯಾರ ಕಟ್ಟಿದ್ರಿ?”

“ನಾನ ಕಟ್ಟೇನಿ. ದೃಷ್ಟಿ ತಾಗಬಾರದಂತ. ಫಯಾಜ ಆ ನಳಗಿ ಕೂರಿಸಿದ್ನಲ್ಲ, ಕಟ್ಟಾಕ ಅನುಕೂಲ ಆತು.”

“ದೃಷ್ಟಿಗೆ ಮುಂದ ಕಟ್ತಾರಲ್ರಿ, ಬಂದವರ ಕಣ್ಣಿಗೆ ಬೀಳೂವಂಗ? ಹಿಂದ ಕಟ್ಟಿದ್ರ ಮೀನ ನೋಡತಾವೇನು?”

ನಾನು ನಗುತ್ತಿದ್ದೆ. ಅವರು ನಗಲಿಲ್ಲ.

“ಮುಂದ ಕಟ್ಟಿದ್ರ ನಿನಗ ಕಾಣ್ತಿತ್ತಲ್ಲ ಬೇ.”

ಅರ್ಥವಾಗಲಿಲ್ಲ. ಅವರೇ ಹೇಳಿದರು, ಶೇಂಗಾ ನೋಡುತ್ತಾ. “ನೀ ಮೊದಲ ಸಲ ಬಂದಾಗ ಮೂಲಿ ಮೂಲಿ ಇಣಿಕಿ ನೋಡಿದಿ. ಎಷ್ಟ ಛಂದ ಐತ್ರಿ ಅತ್ತೀ, ನನಗೂ ಹಿಂತಾದ ಬೇಕಂದಿ. ಮರದಿನ ಬುಟ್ಟಿಗಟ್ಟಲೆ ಮೀನ ಸತ್ತ ತೇಲಿದ್ವು. ನಿನ್ನ ಮನಸ ಕೆಟ್ಟದ್ದಲ್ಲ ಬೇ. ಕಣ್ಣ ಬಿರಸ. ನಿನಗ ನೋವಾಗಬಾರದಂತ ಹಿಂದ ಕಟ್ಟಿದೆ.”

ಸಿಟ್ಟು ಬಂತು. ಅಳುವೂ ಬಂತು. ಎಷ್ಟು ಭಾನುವಾರ ಇವರ ಮಂಡಿಗಾಗಿ ಬಂದೆ, ಇವರು ನನ್ನ ಕಣ್ಣಿಗೆ ಕಂಬಳಿ ಕಟ್ಟಿ ಕೂತಿದ್ದರು. ಅದೂ ನನ್ನ ಮನಸ್ಸು ನೋಯದಂತೆ! ಇಂಥ ಜಾಗ್ರತೆಗೆ ಸಿಟ್ಟಾಗುವುದಾದರೂ ಹೇಗೆ?

ಕಡೆಗೆ ಇದ್ದದ್ದನ್ನೇ ಹೇಳಿದೆ. “ನನ್ನ ಕಣ್ಣಿಂದ ಏನೂ ಆಗಲಿಲ್ರಿ. ಆ ಕಂಬಳಿ ಹೊಗಿ ಒಳಗ ತಳ್ಳತಿತ್ತು. ನೀವು ಕುಸದ ಕುಂತದ್ದು ಪಿತ್ತದಿಂದಲ್ಲ. ಇನ್ನಷ್ಟ ಹೊತ್ತ ಒಳಗಿದ್ರ ಜೀವಾ ಹೋಗ್ತಿತ್ತು.”

ಅವರು ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, “ಶ್ರೀಮಂತಗ ಹೇಳಬ್ಯಾಡ. ಇವತ್ತ ನನ್ನ ಗಂಟ ಕಟ್ಟಿ ಜಲನಗರಕ್ಕ ಕಳಸತಾನ.”

ಹೂಂ ಅಂದೆ. ಸರಳಿನ ನಡುವೆ ಕತ್ತರಿ ತೂರಿಸಿ ದಾರ ಕತ್ತರಿಸಿದೆ. ಕಂಬಳಿ ತೇಲುತ್ತಾ ಹೋಯಿತು. ಆದರೆ ಫಯಾಜ? ಅವನ ಹೆಸರು ಕೆಡುತ್ತಿದೆ.

ಜುಲೈ 27, ಭಾನುವಾರ

ರಾತ್ರಿ ದೋಣಿಯಲ್ಲೇ ಉಳಿದಿದ್ದೆ. ನಾನು ಬಾಯಿ ಬಿಡಬೇಕಾಗಲಿಲ್ಲ. ಬೆಳಿಗ್ಗೆ ಭಾವ ಫೋನಿನಲ್ಲಿ ಫಯಾಜನನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಅತ್ತೆ ಎದ್ದು ಹೋಗಿ ಫೋನ್ ಕಸಿದುಕೊಂಡರು.

“ಫಯಾಜ, ನಿಂದೇನ ತಪ್ಪಿಲ್ಲಪಾ. ನಿನ್ನ ನಳಗಿಗೆ ದೃಷ್ಟಿ ಕಂಬಳಿ ಕಟ್ಟಿದಾಕಿ ನಾನು.”

ಭಾವ ಫೋನ್ ವಾಪಸ್ ಕಿತ್ತುಕೊಂಡು ಇಟ್ಟರು. ಆಮೇಲೆ ಸಿಡಿದರು. “ಯವ್ವಾ, ನಿನ್ನ ಕೈಯಾರೆ ನೀ ಸಾಯ್ತಿದ್ದಿ! ಮುಗೀತು. ನಡಿ ಜಲನಗರಕ್ಕ.”

ಅತ್ತೆ ವಾದ ಮಾಡಲಿಲ್ಲ. ಸೀರೆ ಮಡಚಿದರು. ಯಾರ ಕಣ್ಣಿಗೆ ಹೆದರಿ ಕಟ್ಟಿದ್ದು ಅನ್ನುವುದನ್ನು ಮಾತ್ರ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಜುಲೈ 31, ಗುರುವಾರ

ಅತ್ತೆ ನಮ್ಮ ಮನೆಯಲ್ಲಿ. ಪಂಚಮಿ ಆಯಿತು. ಉಂಡಿ ಕಟ್ಟಿದರು, ಒಂದನ್ನೂ ತಿನ್ನಲಿಲ್ಲ. ನಲ್ಲಿ ತಿರುಗಿಸಿದರೆ ಬೇಕಾದಷ್ಟು ಬಿಸಿನೀರು. ತಣ್ಣೀರಲ್ಲೇ ಜಳಕ ಮಾಡಿ ಬಾಲ್ಕನಿಯಲ್ಲಿ ಸರಳು ಹಿಡಿದು ನಿಲ್ಲುತ್ತಾರೆ.

“ಈ ಮನಿ ಅಲ್ಲಾಡೂದ ಇಲ್ಲ ಬೇ,” ಅಂದರು ಇವತ್ತು.

ನನ್ನ ಗೀಜರ್ ಒಗಟು ಬಿಡಿಸಿ ನಾನೇ ಅವರನ್ನು ಇಲ್ಲಿ ತಂದು ಕೂರಿಸಿದಂತಾಯಿತು. ಬೇಜಾರು. ಭಾವನಿಗೆ ಫೋನ್ ಮಾಡಿ ಜಗಳವಾಡಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಮುಂದೆ ದನಿ ಏರಿಸಿದೆ. ಫಯಾಜನಿಗೂ ಫೋನ್. ಗೀಜರನ್ನೇ ಬಚ್ಚಲಿಂದ ಹೊರಗೆ, ಬಯಲಿಗೆ ಹಾಕಿದರೆ? “ಆಗ್ತೈತ್ರಿ ಮೇಡಂ. ಅಜ್ಜಿ ನನ್ನ ಮರ್ಯಾದಿ ಉಳಿಸ್ಯಾಳ, ನಾಳೆನ ಹೋಗ್ತೀನಿ.”

ಆಗಸ್ಟ್ 3, ಭಾನುವಾರ. ಮಧ್ಯಾಹ್ನ, ದೋಣಿ

ಬೆಳಿಗ್ಗೆ ಅತ್ತೆಯನ್ನು ವಾಪಸ್ ಕರೆತಂದೆ. ಅವರು ಜಳಕಕ್ಕೆ ಹೋಗಿದ್ದಾರೆ, ನಾನು ಬಚ್ಚಲ ಬಾಗಿಲ ಹೊರಗೆ ಕೂತು ಬರೆಯುತ್ತಿದ್ದೇನೆ. ಗಾಳಿಗೆ ಹಾಳೆ ನಿಲ್ಲುತ್ತಿಲ್ಲ.

ಗೀಜರ್ ಈಗ ಹೊರಗೆ, ನನ್ನ ಕಣ್ಣೆದುರು. ತಲೆಯ ಮೇಲೆ ತಗಡಿನ ಟೊಪ್ಪಿಗೆ. ಒಳಗೆ ಹೋಗುವುದು ನೀರು ಮಾತ್ರ. ಭಾವ ಬೆಳಿಗ್ಗೆಯೆಲ್ಲ ಅದರ ಸುತ್ತ ತಿರುಗಿ ನೋಡಿ ಒಪ್ಪಿದರು, ಒಂದು ಶರತ್ತಿನ ಮೇಲೆ. ಅವ್ವ ಜಳಕ ಮಾಡುವಾಗ ಹೊರಗೆ ಯಾರಾದರೂ ಕಣ್ಣಿಟ್ಟು ಕೂರಬೇಕು.

“ಗೀತಾ ಕುಂದ್ರಲಿ,” ಅಂದರು ಅತ್ತೆ.

“ಆಕಿ ವಾರಕ್ಕೊಮ್ಮಿ ಬರಾಕಿ, ಯವ್ವಾ.”

“ವಾರಕ್ಕೊಮ್ಮಿ ಬಿಸಿನೀರ ಸಾಕ ನನಗ. ಆಕಿ ಕಣ್ಣ ಇರಲಿ.”

ಭಾವನಿಗೆ ಅದೊಂದು ಮಾಮೂಲಿ ಮಾತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನೀರು ನೋಡುವ ನೆವ ಮಾಡಿ ಆಚೆ ತಿರುಗಿದೆ.

ಗಾಳಿ ಏರಿದೆ. ಉರಿ ನೀಲಿ. ಅಂಚೂ ನೀಲಿ.

ಒಳಗಿನಿಂದ ಕೂಗು. “ಗೀತಾ, ಅದೀಯೇನ ಬೇ?”

“ಅದೀನ್ರಿ.”

“ನೋಡಾಕತ್ತೀಯಿಲ್ಲೋ?”

“ನೋಡಾಕತ್ತೀನ್ರಿ ಅತ್ತೀ.”

ತಂಬಿಗೆಯ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಎದ್ದು ಬಾಗಿಲಿಗೆ ಕೈ ಹಾಕಿದ್ದೆ.

“ಸುಮ್ಮ ಯಾಕ ಕುಂತಿ? ಛಂದ ಐತಿ ಅನ್ನು.”

ಛಂದ ಐತ್ರೀ ಅತ್ತೀ ಅಂದೆ. ಕೇಳಲಿಲ್ಲವಂತೆ. ಇನ್ನೂ ಜೋರಾಗಿ ಅನ್ನಬೇಕಂತೆ. ಕೆರೆಯ ಆಚೆ ದಂಡೆಗೆ ಕೇಳುವಂತೆ ಕೂಗಿದೆ, ಭಾವ ತೆಪ್ಪದಿಂದ ತಲೆ ಎತ್ತಿ ನೋಡಿದರು, ಒಳಗೆ ಅತ್ತೆ ನಗುತ್ತಿದ್ದಾರೆ, ಬೆನ್ನು ತಿಕ್ಕಲು ಕರೆಯು—