ನನ್ನ ಪಾಲಿನ ತ್ರಿಕೋ

ಬುರುಲ್ ಅಕ್ಕನಿಗೆ, ಬಿಷ್ಕೆಕ್ ಬಜಾರಿನಿಂದ ತಂಗಿಯ ಸಲಾಮು.

ಅಪ್ಪ ತೀರಿಕೊಂಡ ನಲವತ್ತನೇ ದಿನಕ್ಕೆ ಬರುತ್ತೇನೆ. ಅವರ ಬಟ್ಟೆ ಹಂಚುವಾಗ, ಮೊಣಕಾಲಿಗೆ ತೇಪೆ ಹಾಕಿದ ಆ ನೀಲಿ ಟ್ರ್ಯಾಕ್ ಪ್ಯಾಂಟನ್ನು ನನಗೆ ಎತ್ತಿಡು.

ಹೋದ ವರ್ಷ ಅದನ್ನೇ ಹಾಕಿಕೊಂಡು ನನ್ನ ಬಟ್ಟೆ ಅಂಗಡಿಗೆ ಬಂದಿದ್ದರು. "ಮಗಳೇ, ಇಂಥದೇ ಇನ್ನೊಂದು ತ್ರಿಕೋ ಕೊಡೇ" ಎಂದರು.

"ಅದು ನಾರಿನ್ ಬೆಟ್ಟದ ಮುದುಕರ ಮಾತಪ್ಪಾ. ಇಲ್ಲಿ ಸ್ಪೋರ್ಟಿವ್ಕಿ ಅಂತಾರೆ. ಗಿರಾಕಿಗಳು ನಗ್ತಾರೆ" ಎಂದೆ.

"ಈ ವಯಸ್ಸಲ್ಲಿ ನಾನ್ಯಾವ ಆಟ ಆಡೋಕೆ ಹೋಗ್ಲೇ?" ಎಂದು ನಕ್ಕರು. ಆಮೇಲೆ ಅಂಗಡಿಯಲ್ಲಿ ಏನು ಬೇಕಾದರೂ ಬೆರಳು ತೋರಿಸಿದರೇ ಹೊರತು ಹೆಸರು ಹೇಳಲಿಲ್ಲ.

ಹತ್ತೂರಿನ ಗಿರಾಕಿಗಳಿಗೆ ಅವರವರ ಮಾತಿನಲ್ಲೇ ಮಾರಿ ಬದುಕಿದವಳು ನಾನು. ತಿದ್ದಿದ್ದು ಅಪ್ಪನೊಬ್ಬರನ್ನೇ.

ಯಾರ ಪಾಲಿಗೆ ಏನೆಂದು ಚೀಟಿ ಬರೆಯುತ್ತಿದ್ದೀಯಂತೆ. ನನ್ನದರ ಮೇಲೆ ತ್ರಿಕೋ ಎಂದೇ ಬರೆ.

ನಿನ್ನ
ಜಿಪಾರ